ಲೀಟರಿಗೆ ಒಂಬತ್ತು

ಎಂಟು ಪಾಯಿಂಟ್ ಒಂದು.
ಗೈಮಾನಿನ ಬಂಕಿನ ನೆರಳಲ್ಲಿ ನಿಂತು
ನೆಫ್ತಾಲಿ ಮಾವ ನನ್ನ ನೋಟುಪುಸ್ತಕವನ್ನು
ಡಾಕ್ಟರ ಚೀಟಿಯಂತೆ ದೂರ ಹಿಡಿದು ಓದಿದ.
"ಗಾಡಿ ಕುಡಿಯುತ್ತದೆ, ನನ್ನಪ್ಪನ ಹಾಗೆ.
ಕುಡಿದರೂ ಮನೆ ಮುಟ್ಟುತ್ತಿದ್ದ ತಾನೆ ಅವನು?"

"ಒಂಬತ್ತು ಮಾಡಿಕೊಡುತ್ತೇನೆ" ಅಂದೆ.

ಮೂರು ಲಕ್ಷ ಕಿಲೋಮೀಟರ್ ಸವೆಸಿದ ಡೀಸೆಲ್ ಪಿಕಪ್ಪು.
ಬಾಗಿಲ ಮೇಲೆ ಅರ್ಧ ಉಳಿದ ಬಣ್ಣದಲ್ಲಿ
ಗಾಳಿಯಂತ್ರ ರಿಪೇರಿ, ಬಾವಿ ಪಂಪು.
ಮೊದಲು ಟೈರಿಗೆ ಗಾಳಿ ಹೊಡೆದೆ,
ನಾಲ್ಕರಲ್ಲಿ ಮೂರು ಸೋತ ಮುಖ ಹಾಕಿದ್ದವು.
ಏರ್ ಫಿಲ್ಟರ್ ಬಿಚ್ಚಿ ಕಲ್ಲಿಗೆ ಕುಟ್ಟಿದರೆ
ಉದುರಿತು ಮೂರು ಬೇಸಿಗೆಯ ಬಯಲು,
ಎರಡು ಮಿಡತೆ, ಯಾರದೋ ಒಂದು ರೆಕ್ಕೆ.
ತಲೆಯ ಮೇಲೆ ಪೈಪು ಹೊರುವ ಸ್ಟ್ಯಾಂಡು,
ಎಂಬತ್ತು ದಾಟಿದರೆ ಸಿಳ್ಳೆ ಹೊಡೆಯುತ್ತಿದ್ದದ್ದು,
ಅದನ್ನಿಳಿಸಿ ಕೋಳಿಗಳಿಗೆ ಕೊಟ್ಟೆ.

ಹಿಂದಿನ ತೊಟ್ಟಿ ಖಾಲಿ ಮಾಡುವ ದಿನ
ಮಾವ ಒಂದೊಂದಕ್ಕೂ ವಕೀಲನಾದ.
ಈ ಸರಪಳಿ? ಕೆಸರಿಗೆ ಬೇಕು.
ಮಳೆಯೇ ಇಲ್ಲವಲ್ಲ? ಬಂದರೆ?
ಈ ತುಕ್ಕು ಹಿಡಿದ ಗೇರುಚಕ್ರ?
ಮಾತಾಡಲಿಲ್ಲ. ತಾನೇ ಎತ್ತಿ ಸೀಟಿನ ಕೆಳಗಿಟ್ಟ.

ಹಿಂಬಾಗಿಲು ಇಳಿಸಿಯೇ ಓಡಿಸಬೇಕೆಂದು
ಲಾಸ್ ಪ್ಲುಮಾಸಿನ ಟೈರಂಗಡಿಯವನ ಸಿದ್ಧಾಂತ,
ಗಾಳಿ ಹಿಂದಿನಿಂದ ಸಲೀಸಾಗಿ ಹೋಗುತ್ತದಂತೆ.
ಮುಚ್ಚಿದರೇ ಒಳಗಿನ ಗಾಳಿ ಸುರುಳಿ ಸುತ್ತಿ ದಿಂಬಾಗಿ
ಮೇಲಿನದು ಜಾರಿಹೋಗುತ್ತದೆಂದು ನಾನು.
ಮಾವ ಇಳಿಸಿದ. ನಲವತ್ತನೇ ಕಿಲೋಮೀಟರಿನಲ್ಲಿ
ಸ್ಪ್ಯಾನರ್ ಪೆಟ್ಟಿಗೆ ರಸ್ತೆಗಿಳಿದು ತೀರ್ಪು ಕೊಟ್ಟಿತು.

ನೂರಹತ್ತರ ಬದಲು ಎಂಬತ್ತೈದು.
ಲಾರಿಗಳು ಬೈದು ಮುಂದೆ ಹೋದವು.
ನಿಧಾನಕ್ಕೆ ಮಾವನಿಗೆ ಬೇಲಿಗಳು ಕಾಣತೊಡಗಿದವು,
"ಈ ಗೇಟು ಯಾವಾಗ ಹಸಿರಾಯಿತು?"

ಎಂಟು ಪಾಯಿಂಟ್ ಎಂಟು.

ಆಮೇಲೆ ಬಂತು ದೊನ್ಯಾ ಎರ್ಮೆಲಿಂದಾಳ ಕರೆ.
ಪಡುವಣಕ್ಕೆ ಇನ್ನೂರು ಕಿಲೋಮೀಟರ್,
ಮೂಗಿಗೆ ಮೂಗು ಕೊಟ್ಟು ಎದುರುಗಾಳಿ.
ಗಾಳಿ ಬಂದಾಗ ತೂರಿಕೊಳ್ಳಬೇಕಂತೆ.
ಇಲ್ಲಿ ಅದು ಬರುವುದಿಲ್ಲ, ಹೋಗುವುದಿಲ್ಲ,
ಬಾಡಿಗೆ ಕೊಡದೆ ಇರುತ್ತದೆ.
ಮುಳ್ಳು ಇಳಿಯುವುದನ್ನು ನೋಡುತ್ತ
ನಾನು ಗೊತ್ತಿದ್ದ ಬೈಗುಳವೆಲ್ಲ ಬೈದೆ,
ಅಜ್ಜಿಯ ವೆಲ್ಷ್ ಬೈಗುಳ ಎರಡು ಸೇರಿಸಿ.
ಮಾವ ಸುಮ್ಮನೆ ಮಾತೆ ಹೀರುತ್ತಿದ್ದ.

ಆರು ಪಾಯಿಂಟ್ ನಾಲ್ಕು.

ಅಲ್ಲಿ ಗೋಪುರ ಹತ್ತಿದ ಅರವತ್ಮೂರರ ಮಾವ.
ಸೀಟಿನ ಕೆಳಗಿನ ಗೇರುಚಕ್ರ ಕೇಳಿ ತರಿಸಿಕೊಂಡ,
ಅದು ಸರಿಯಾಗಿ ಕೂತಿತು, ಕೂರಲೇಬಾರದಿತ್ತು.
ಬ್ರೇಕು ಬಿಟ್ಟದ್ದೇ ತಡ, ನಾನು ಬೈದ ಗಾಳಿ
ಹದಿನೆಂಟು ರೆಕ್ಕೆ ಹಿಡಿದು ಎಳೆಯಿತು.
ಪೈಪು ಕೆಮ್ಮಿತು, ಕಂದು ಉಗುಳಿತು,
ಮತ್ತೆ ಕೆಮ್ಮಿತು,
ಆಮೇಲೆ ತೊಟ್ಟಿಗೆ ಬಿತ್ತು ಬಿಳೀ ನೀರು.
ಕುರಿಗಳು ನಮ್ಮನ್ನು ತಳ್ಳಿಕೊಂಡೇ ಬಂದವು.

ಕೂಲಿಗೆ ದುಡ್ಡು ಅರ್ಧ. ಮಿಕ್ಕದ್ದಕ್ಕೆ
ಕಡಿದ ಕುರಿ ಒಂದು, ಉಣ್ಣೆ ಮೂಟೆ ಎರಡು,
ಬೇಡವೆಂದರೂ ಒಂದು ಎರಕದ ಒಲೆ.
ನಾನು ತಿಂಗಳಿಡೀ ಇಳಿಸಿದ ಭಾರ
ಹತ್ತು ನಿಮಿಷದಲ್ಲಿ ಹತ್ತಿ ಕೂತಿತು.

ಬರುವಾಗ ಗಾಳಿ ಬೆನ್ನಿಗೆ.
ಎಂಜಿನ್ನು ಬರೀ ಗುನುಗುತ್ತಿತ್ತು.
ಬಂಕಿನಲ್ಲಿ ಟ್ಯಾಂಕು ತುಂಬಿ ಲೆಕ್ಕ ಹಾಕಿದೆ,
ಹನ್ನೊಂದು ಪಾಯಿಂಟ್ ಆರು.

ಮಾವ ಬೆರಳು ಮಡಿಸಿ ಕೂಡಿದ,
"ಆರೂ ನಾಲ್ಕು, ಹನ್ನೊಂದೂ ಆರು, ಹದಿನೆಂಟು.
ಅರ್ಧ ಮಾಡು. ಒಂಬತ್ತು!"
ಬಂಕಿನ ಹುಡುಗನಿಗೂ ಕೂಗಿ ಹೇಳಿದ.

ಲೀಟರುಗಳನ್ನು ಹಾಗೆ ಕೂಡಿ ಭಾಗಿಸಲಾಗದು.
ಸುರಿದ ಡೀಸೆಲ್ ಅಷ್ಟೂ ಒಟ್ಟು ಮಾಡಿದರೆ
ಎಂಟೂ ಕಾಲು, ಅದೂ ಕಷ್ಟಕ್ಕೆ.
ತಾಂತ್ರಿಕ ಶಾಲೆಯಲ್ಲಿ ಇದಕ್ಕೇ ನನಗೆ
ಪೂರ್ತಿ ಅಂಕ ಬಂದಿತ್ತು.

ಒಂಬತ್ತು ಎಂದು ಬರೆದೆ.
ಪೆನ್ಸಿಲಿನಲ್ಲಿ.