ಕೇಕಿನ ಬಾಟಲಿ

ನವೆಂಬರ್. ಲೀಟ್ರಿಮ್‌ನಲ್ಲಿ ಐದಕ್ಕೆಲ್ಲ ಕತ್ತಲು.
ತಣ್ಣಗಾದ ಕಪ್ಪು ಚಹದಲ್ಲಿ ರಾತ್ರಿಯಿಡೀ ನೆನೆದ ಒಣದ್ರಾಕ್ಷಿ
ಎಣ್ಣೆನೀರು ಕಂಡ ಕೂಸಿನ ಹಾಗೆ ಉಬ್ಬಿ ಮಿರುಗುತ್ತಿತ್ತು.

ಅಮ್ಮನ ಸ್ವೆಟರಿನ ಮೇಲೆ ಕುಡಿಯದವರ ಸಂಘದ ಪುಟ್ಟ ಪಿನ್ನು.
ಹದಿನಾರರಲ್ಲೇ ಪಾದ್ರಿಯೆದುರು ಆಣೆಯಿಟ್ಟವಳು,
ಕೆಮ್ಮಿನ ಔಷಧಿಯನ್ನೂ ಮೂಸಿ ನೋಡುವವಳು.
ಆದರೂ ಕಪಾಟಿನಲ್ಲಿ, ಪೊರಕೆಯ ಹಿಂದೆ, ವಿಸ್ಕಿ.
ಕೇಕಿನದು.
ಚೀಟಿಯ ಮೇಲೆ ಪೆನ್ಸಿಲಿನ ಗೆರೆ.

ಬೆಂದ ಕೇಕಿಗೆ ಹೆಣಿಗೆಕಡ್ಡಿಯಿಂದ ಚುಚ್ಚಿ ಚುಚ್ಚಿ
ಭಾನುವಾರಕ್ಕೊಂದು ಚಮಚ, ಕ್ರಿಸ್‌ಮಸ್ ತನಕ.
‘ಇದಾದರೂ ಕೊಟ್ಟಷ್ಟೇ ಕುಡಿಯುತ್ತೆ’
ಅನ್ನುತ್ತಿದ್ದಳು, ಯಾರಿಗೂ ಅಲ್ಲವೆಂಬಂತೆ.
ಅಪ್ಪ ಬಹಳ ಹೊತ್ತು ಬೂಟಿನ ದಾರ ಬಿಚ್ಚುತ್ತಿದ್ದ.

ಆ ವರ್ಷ, ಮೂರನೇ ಭಾನುವಾರ,
ವಿಸ್ಕಿ ಗೆರೆಗಿಂತ ಎರಡು ಬೆರಳು ಕೆಳಗಿತ್ತು.
ನಾನೂ ಡರ್ವ್ಲಾಳೂ ಉಸಿರು ಬಿಗಿಹಿಡಿದೆವು.
ಅಮ್ಮ ಬಾಟಲಿಯನ್ನು ದೀಪಕ್ಕೆ ಹಿಡಿದಳು. ತಿರುಗಿಸಿದಳು.
‘ಈ ಸಲದ ಹಿಟ್ಟಿಗೆ ದಾಹ ಜಾಸ್ತಿ’ ಅಂದಳು.
ನನ್ನ ರಬ್ಬರು ಇಸಕೊಂಡು ಹಳೆಯ ಗೆರೆ ಅಳಿಸಿ
ಕೆಳಗೆ ಹೊಸದೊಂದು ಎಳೆದಳು, ನೆಟ್ಟಗೆ.
ಚಮಚ ಅರ್ಧವೇ ತುಂಬಿಸಿದಳು.

ಹಬ್ಬದ ದಿನ ಕೊಯ್ದರೆ ಕೇಕು ಗಂಟಲಿಗಂಟುವಷ್ಟು ಒಣ.
ಯಾರೂ ಮಾತಾಡಲಿಲ್ಲ.
ಎಲ್ಲರಿಗಿಂತ ಮೊದಲು ತಟ್ಟೆ ಚಾಚಿ
ಇನ್ನೊಂದು ತುಂಡು ಕೇಳಿದವನು
ಅಪ್ಪ.