ಮೊದಲ ಅರ್ಧ ಗಂಟೆಗೆ ದುಡ್ಡಿಲ್ಲ

ವಾಲ್ಪರೈಸೊದಲ್ಲಿ ಬಾಡಿಗೆ ಕಟ್ಟುವುದು ಕಿಟಕಿಗೆ,
ಕೋಣೆಗಲ್ಲ. ನನ್ನದು ಒಂದೇ ಕಿಟಕಿ.
ಅದರಲ್ಲಿ ಅರ್ಧ ಬಂದರು, ಉಳಿದದ್ದು ಪಕ್ಕದವರ ಒದ್ದೆ ಬಟ್ಟೆ.
ಬಾಗಿಲ ಮೇಲೆ ಬರೆಸಿದ್ದೇನೆ: ಬದುಕಿನ ಕೋಚ್.
ಕುರ್ಚಿ ಎರಡು. ಕುಂಟುವುದು ನನಗೆ,
ನೆಟ್ಟಗಿರುವುದು ಗಿರಾಕಿಗೆ.

ನೋಲ್ಫಾ ಅರಾನ್ಸಿಬಿಯಾ ಬಂದದ್ದು ಗುರುವಾರ,
ಹೇಳಿದ್ದಕ್ಕಿಂತ ಹತ್ತು ನಿಮಿಷ ಮೊದಲು.
ಗುಡ್ಡವೇರುವ ಹಗ್ಗದ ಗಾಡಿಯ ಬ್ರೇಕನ್ನು
ಇಪ್ಪತ್ತಾರು ವರ್ಷ ಹಿಡಿದ ಕೈ.
ಬಾಗಿಲು ಹಾಕಿದ್ದೂ ಹಾಗೆಯೇ: ನಿಧಾನ, ಪೂರ್ತಿ,
ಆಮೇಲೊಮ್ಮೆ ಅಲುಗಿಸಿ ನೋಡಿ.
ಗಾಡಿ ನಿಂತು ಎಂಟು ತಿಂಗಳು. ರಿಪೇರಿ ಎಂದು ಬೋರ್ಡು.
ಈಗ ಬೋರ್ಡಿಗೇ ತುಕ್ಕು.

ನಾನು ಕೇಳುವ ಮೊದಲೇ ಅವಳು ಕೇಳಿದಳು:
"ನಿಮ್ಮ ಕೆಲಸ ಯಾವತ್ತಾದರೂ ಹೋಗಿದೆಯಾ?"
ಇಲ್ಲ, ಎಂದೆ. ನಾನೇ ಬಿಟ್ಟದ್ದು. ಎರಡು ಸಲ.
"ಬಿಡೋದು ಬೇರೆ," ಎಂದಳು,
ತಪ್ಪು ತಿದ್ದುವ ಟೀಚರಂತಲ್ಲ,
ಚಿಲ್ಲರೆ ಎಣಿಸಿ ಕೈಗಿಡುವವರ ಹಾಗೆ.

ನನ್ನ ಹತ್ತಿರ ಒಂದು ಚಕ್ರವಿದೆ, ಹಾಳೆಯ ಮೇಲೆ, ಎಂಟು ಭಾಗ:
ಆರೋಗ್ಯ, ಹಣ, ನಂಟು, ನಲಿವು ಇತ್ಯಾದಿ.
ಬಣ್ಣದ ಪೆನ್ಸಿಲಿನ ಜೊತೆ ಅವಳ ಮುಂದೆ ಸರಿಸಿದೆ.
ನೋಡಿದಳು. ತಿರುವಿ ಹಿಂಬದಿಯನ್ನೂ ನೋಡಿದಳು.
"ಇದರ ಹಗ್ಗ ಎಲ್ಲಿ?"
ನಾನು ನಕ್ಕೆ. ಅವಳು ನಗಲಿಲ್ಲ.

"ನಮ್ಮಲ್ಲಿ ಗಾಡಿ ಎರಡು, ಹಗ್ಗ ಒಂದು.
ಮೇಲಿನದು ಇಳಿದರೇನೇ ಕೆಳಗಿನದು ಏರೋದು.
ನಾನು ಮುಖ ನೋಡ್ತಿರಲಿಲ್ಲ, ತೂಕ ನೋಡ್ತಿದ್ದೆ.
ಮೇಲೆ ಮೂವರು ದಢೂತಿ ಗಂಡಸರು,
ಕೆಳಗೆ ಒಬ್ಬಳೇ ಮುದುಕಿ, ಕಂಕುಳಲ್ಲಿ ಕೋಳಿ,
ಆವಾಗ ಬ್ರೇಕು ಹಿಡಿಯೋ ರೀತೀನೇ ಬೇರೆ."

ಗಡಿಯಾರ ನೋಡಿದೆ. ಹದಿನೇಳು ನಿಮಿಷ ಕಳೆದಿತ್ತು,
ಅದರಲ್ಲಿ ಹನ್ನೊಂದು ನನ್ನವೇ.

ಮುಚ್ಚಿಡುವುದೇಕೆ, ತಿಂಗಳ ಕೊನೆ. ಅವಳು ಬೇಕಿತ್ತು ನನಗೆ,
ಬಾಡಿಗೆಗೆ, ಮತ್ತೆ ಆ ಮಾತು ಇನ್ನಷ್ಟು ಕೇಳುವ ಚಪಲಕ್ಕೆ.
ಅಳತೆ ತಪ್ಪಿದ ಅಂಗಿಯೂ ಅಂಗಡಿಯ ಕನ್ನಡಿಯಲ್ಲಿ
ಐದು ನಿಮಿಷ ಚೆನ್ನಾಗಿಯೇ ಕಾಣುತ್ತದೆ,
ಗುಂಡಿ ಹಾಕುವ ತನಕ.

ಮೇಲಿನ ಬೀದಿಯಲ್ಲಿ ಉರ್ಸಿಸಿನಿಯೊ ಇದ್ದಾನೆ, ಎಂದೆ.
ಹಡಗೆಳೆಯುವ ದೋಣಿಯಿಂದ ಐವತ್ಮೂರಕ್ಕೆ ತೆಗೆದುಹಾಕಿದರು ಅವನನ್ನು.
ಈಗ ನನ್ನದೇ ಕಸುಬು. ಚಕ್ರ ಗಿಕ್ರ ಇಲ್ಲ.
ಅಡುಗೆಮನೆಯಲ್ಲಿ ಕೂರಿಸಿ ಈರುಳ್ಳಿ ಹೆಚ್ಚಲು ಕೊಡುತ್ತಾನೆ.
ಮಾತು, ಅವನಿಗೆ ನೆನಪಾದರೆ.
(ನನಗೂ ಅವನಿಗೂ ಅಷ್ಟಕ್ಕಷ್ಟೇ. ಅದನ್ನು ಹೇಳಲಿಲ್ಲ.)

"ಎಷ್ಟು ತಗೋತಾನೆ?"
ನನಗಿಂತ ಜಾಸ್ತಿ.
ಅಂಗೈ ಮೇಲೆ ವಿಳಾಸ ಬರೆದುಕೊಂಡಳು.
"ಮತ್ತೆ ನಿಮಗೇನು ಸಿಕ್ಕಿತು?"
ತರಬೇತಿಯಲ್ಲಿ ಇದಕ್ಕೊಂದು ಉತ್ತರ ಕಲಿಸಿದ್ದರು.
ಬಾಯಿಗೆ ಬರಲಿಲ್ಲ.

ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ.
"ಅರ್ಧ ಗಂಟೆ ಅಂದಿರಲ್ಲ," ಎಂದವಳೇ
ಮಿಕ್ಕ ಒಂಬತ್ತು ನಿಮಿಷ
ಒದ್ದೆ ಬಟ್ಟೆಯ ಸಂದಿನಲ್ಲಿ ಬಂದರು ನೋಡುತ್ತ ಕೂತಳು.
ನಾನೂ ನೋಡಿದೆ. ಕ್ರೇನೊಂದು ಏನನ್ನೋ ಎತ್ತಿ,
ಮನಸ್ಸು ಬದಲಿಸಿ, ಇದ್ದಲ್ಲೇ ಇಳಿಸಿತು.

ಹೊರಡುವಾಗ ನನ್ನನ್ನು ಎಬ್ಬಿಸಿದಳು,
ಮೊಣಕಾಲೂರಿ, ಆ ಚಕ್ರದ ಹಾಳೆಯನ್ನೇ ಮಡಿಸಿ ಮಡಿಸಿ
ನನ್ನ ಕುರ್ಚಿಯ ಕುಂಟುಗಾಲಿನಡಿ ತುರುಕಿದಳು.
ಒಮ್ಮೆ ಅಲುಗಿಸಿ ನೋಡಿದಳು.

ಮೆಟ್ಟಿಲ ಮೇಲೆ ಅವಳ ಹೆಜ್ಜೆ ಎಣಿಸತೊಡಗಿದೆ,
ಮೂವತ್ತರ ಹತ್ತಿರ ಲೆಕ್ಕ ತಪ್ಪಿತು.

ಇವತ್ತು ಎರಡಕ್ಕೆ ಒಬ್ಬ ದಂತವೈದ್ಯ ಬರುವವನಿದ್ದಾನೆ.
ಕೊಡಲು ಹಾಳೆಯಿಲ್ಲ, ಹೊಸದು ಅಚ್ಚು ಹಾಕಿಸಿಲ್ಲ.
ಅಲುಗದ ಕುರ್ಚಿಯಲ್ಲಿ ಕೂತು ಮಾತಾಡುವುದು
ನನಗಿನ್ನೂ ರೂಢಿಯಾಗಿಲ್ಲ.