ಪಂಚಮವಿಲ್ಲದ ಹೊತ್ತು

ಒಂದಂದರೆ ಏಳಾಗಿ ತಿರುಗಿ ಬರುವ ಗುಮ್ಮಟದ ಊರು ನಮ್ಮದು.
ಯುಗಾದಿ ಮುಗಿದ ಮೇಲೆ ದಸ್ತಗೀರ ಬಾಗವಾನನ ಮಗನಿಗೆ ಫೋನು ಮಾಡಿ
ಶಾಮಿಯಾನಕ್ಕೆಷ್ಟಪ್ಪ ಈ ಸಲ, ಅಂದೆ.
ಅವರಪ್ಪನ ಕಾಲದ ರೇಟು
ಏಳು ಸಲ ಗೋಡೆಗೆ ಬಡಿದು ನನ್ನ ಕಿವಿಗೆ ಬಂತು.

"ಕಾಕಾ, ಡೀಸೆಲ್ ನಾ ಕುಡೀತೀನೇನ್ರಿ," ಅಂದ ಹುಡುಗ,
"ಆಳು ಈಗ ಹನ್ನೊಂದರ ಮ್ಯಾಲ ಗೂಟ ಬಡಿಯಾಂಗಿಲ್ಲ,
ಬಿಸಲಿಗೆ ಡಬಲ್ ಪಗಾರ ಕೇಳ್ತಾರ."
ಅದೂ ಖರೆ. ನಲವತ್ಮೂರು ಡಿಗ್ರಿಯಲ್ಲಿ ಯಾರು ಬಡಿದಾರು.

ಮೂವತ್ತೊಂದು ಬೇಸಿಗೆ ನಾನು ಈ ಸಂಗೀತ ಸಭೆಯ ಖಜಾಂಚಿ.
ಹಾಡಲು ಬಾರದು. ಮೊದಮೊದಲು ಕೇಳಲೂ ಬರುತ್ತಿರಲಿಲ್ಲ;
ಸೊಸೈಟಿ ಬ್ಯಾಂಕಿನ ಗುಮಾಸ್ತ, ಲೆಕ್ಕಕ್ಕೆಂದು ಕರೆದರು, ಹೋದೆ.
ಆಗ ರಜೆ ಬಿತ್ತೆಂದರೆ ಮನಗೂಳಿ ಅಗಸಿಯ ಆಚೆ ಶಾಲೆಯ ಮೈದಾನ ಪುಕ್ಕಟೆ,
ಹೆಡ್ ಮಾಸ್ತರರೇ ಬೀಗದ ಕೈ ತಂದು ಕೊಡುವರು.
ಈಗ ಅಲ್ಲಿ ಬೇಸಿಗೆಯ ಕೋಚಿಂಗು,
ಮೈದಾನಕ್ಕೆ ಗಂಟೆಯ ಬಾಡಿಗೆ, ಜಿಎಸ್‌ಟಿ ಬೇರೆ.

ಆಗ ಮೂರು ರಾತ್ರಿ.
ಉಸುಕಿಗೆ ನೀರು ಹೊಡೆದು ಜಮಖಾನ ಹಾಸಿದರೆ ಮುಗಿಯಿತು.
ಅರ್ಧ ಊರು ಮಲಗಿಯೇ ಕೇಳುತ್ತಿತ್ತು,
ಬಾಗೇಶ್ರೀಗೆ ಕಣ್ಣು ಮುಚ್ಚಿ, ಮಾಲಕಂಸಕ್ಕೆ ಗೊರಕೆ ಹೊಡೆದು,
ನಾಲ್ಕಕ್ಕೆ ಚಹಾದ ಕೆಟಲು ಸಪ್ಪಳಾದಾಗ ಎದ್ದು ಕೂತು
ಲಲತ್ ಕೇಳುವುದು.
ಮುಖ ತೊಳೆಯುವ ಮೊದಲೇ ಕಿವಿಗೆ ಬೀಳಬೇಕು ಆ ರಾಗ.

ಮೊದಲು ಮೂರನೆಯ ರಾತ್ರಿ ಹೋಯಿತು, ಮಲ್ಲಿಗೆ ಹಾರಗಳ ಜೊತೆ.
ಮುಂದೆ ಎರಡನೆಯದು.
ಈ ಸಲ ಕಮಿಟಿಯಲ್ಲಿ ಇಂಡಿ ಶಂಕ್ರೆಪ್ಪನವರು ಚಾಳೀಸು ಒರೆಸುತ್ತ
"ಶಾಮಿಯಾನ ಬ್ಯಾಡ, ಹಾಲ್ ಹಿಡಿಯೋಣು. ಹತ್ತಕ್ಕ ಮುಗಸೋಣು,
ಹತ್ತು ದಾಟಿದರ ಬಾಡಿಗಿ ಡಬಲ್" ಅಂದರು.
ಯಾರೂ ಏನೂ ಅನ್ನಲಿಲ್ಲ.
ನಾನೇ ಪೆನ್ಸಿಲಿನಲ್ಲಿ ಗೆರೆ ಎಳೆದೆ:
ಚಹಾ ಹೋಯಿತು, ಜಮಖಾನ ಹೋಯಿತು, ಜನರೇಟರಿನ ಡೀಸೆಲ್ಲು ಹೋಯಿತು.
ಮನೆಗೆ ಬಂದು ಕಾಲು ತೊಳೆಯುವಾಗ ಹೊಳೆಯಿತು,
ಆ ಗೆರೆಯಡಿ ಲಲತ್, ಭಟಿಯಾರ್, ತೋಡಿ ಎಲ್ಲ ಇದ್ದವು.
ಹತ್ತರೊಳಗೆ ಬೆಳಗಾಗುವುದಿಲ್ಲವಲ್ಲ.
ರಾಗದ ಹೆಸರಿನಲ್ಲಿ ಖರ್ಚು ಬರೆಯುವ ಪದ್ಧತಿ
ನಮ್ಮ ವಹಿಯಲ್ಲಿಲ್ಲ.

ಮಿರಜದಿಂದ ಸುಮತಿಬಾಯಿ ಅಥಣೀಕರ ಒಬ್ಬರೇ ಬಂದರು.
ತಂಬೂರಿಗೆ ಕೂರುವ ಹುಡುಗಿ ಜೊತೆಗಿಲ್ಲ.
"ಆಕಿ ಖರ್ಚು ನಿಮ್ಮ ಮ್ಯಾಲ ಯಾಕ ಹಾಕಲಿ."
ತಾವೇ ಮೀಟುತ್ತ ಯಮನ್ ಹಾಡಿದರು, ಕಡೆಗೊಂದು ವಚನ.
ಕೂಲರಿನ ಸದ್ದಿಗೆ ಮಂದ್ರ ಅರ್ಧ ಕೇಳಲಿಲ್ಲ.
ಒಂಬತ್ತೂ ಐವತ್ತಕ್ಕೆ ವಾಚಮನ್ ಹಿಂದಿನ ಸಾಲಿನ ಲೈಟು ಆರಿಸಿದ.
ಲಾಡ್ಜು ಬೇಡವೆಂದರು, ನಮ್ಮ ಮಾಳಿಗೆಯ ಮೇಲೇ ಮಲಗಿದರು.
ಕೊಟ್ಟ ಪಾಕೀಟನ್ನು ಎಣಿಸದೆ ಚೀಲಕ್ಕೆ ಹಾಕಿದ್ದು ಕಂಡು
ಎಣಿಸಿ ಕೊಟ್ಟ ನನ್ನ ಬೆರಳಿಗೆ ನಾಚಿಕೆ.

ನಸುಕಿನ ನಾಲ್ಕೂವರೆ. ಬಸ್ ಸ್ಟ್ಯಾಂಡು. ಅಥಣಿ ಮೇಲೆ ಮಿರಜದ ಗಾಡಿ.
ಕಂಡಕ್ಟರ್ ತಂಬೂರಿಯನ್ನು ಮೇಲೆ ಕೆಳಗೆ ನೋಡಿ
"ಇದಕೂ ಟಿಕೀಟ್ ಆಗತೈತ್ರಿ" ಅಂದ.
ತೆಗೆಸಿದೆ. ಚೀಟಿ ಜೇಬಿಗೆ.
ಕಿಟಕಿಯ ಪಕ್ಕ ಅದನ್ನು ಸೆರಗಿನಿಂದ ಸುತ್ತಿ ಒರಗಿಸಿಕೊಂಡರು,
ತೂಕಡಿಸುವ ಮೊಮ್ಮಗಳನ್ನು ಒರಗಿಸಿಕೊಂಡಂತೆ.

ಡ್ರೈವರ್ ಇಂಜಿನ್ ಚಾಲೂ ಮಾಡಿದ.
ಬಸ್ಸಿನ ತಗಡೆಲ್ಲ ನಡುಗಿತು, ತಂತಿಗಳೂ.
ಪ್ರಯಾಣಕ್ಕೆ ತಂತಿ ಸಡಿಲಿಸುತ್ತಾರೆ, ಇವರು ಸಡಿಲಿಸಿರಲಿಲ್ಲ.
ಮತ್ತೆ, ಮೊದಲ ತಂತಿ ಪಂಚಮದಲ್ಲಿರಲಿಲ್ಲ.
ರಾತ್ರಿ ಇತ್ತು. ಮುಂದಿನ ಸಾಲಿನಲ್ಲೇ ಕೂತಿದ್ದೆ ನಾನು.
ಯಾವಾಗಲೋ, ನಾವೆಲ್ಲ ಮಲಗಿದ ಮೇಲೆ,
ಮಾಳಿಗೆಯ ಕತ್ತಲಲ್ಲಿ ಅದನ್ನು ಮಧ್ಯಮಕ್ಕೆ ಇಳಿಸಿದ್ದಾರೆ,
ಲಲತ್‌ಗೆ ಇಳಿಸುವ ಹಾಗೆ.

ಬೆರಳಿಲ್ಲದೆ ಝೇಂ ಅನ್ನುತ್ತಿದ್ದವು ನಾಲ್ಕೂ ತಂತಿ,
ಡೀಸೆಲ್ಲೇ ನುಡಿಸುತ್ತಿತ್ತು.
ಪೂರ್ವಕ್ಕೆ ಗುಮ್ಮಟದ ಬೆನ್ನು ಇನ್ನೂ ಕಪ್ಪು.
ಅವರು ತುಟಿ ತೆರೆಯಲಿಲ್ಲ.
ಹಾಡ್ರಿ ಅಂತ ನಾನೂ ಅನ್ನಲಿಲ್ಲ.
ಕಂಡಕ್ಟರ್ ಸೀಟಿ ಊದಿದ.